ಪಿಸ್ಟನ್ ವೇಗದ ಲೆಕ್ಕ: ರೇಸಿಂಗ್ ಎಂಜಿನ್ನಿಗೆ ಬೋರ್, ಸ್ಟ್ರೋಕ್, ಆರ್‌ಪಿಎಂ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಒಂದು ಎಂಜಿನ್ 9,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 9,000 ಸುತ್ತು, ತಿರುಗುತ್ತಿದೆ. ಇನ್ನೊಂದು 19,000ದಲ್ಲಿ. ಯಾವುದರ ಪಿಸ್ಟನ್ ಜೋರಾಗಿ ಓಡುತ್ತಿದೆ? ಎರಡನೆಯದು ಅಂತಲೇ ಅನಿಸುತ್ತದೆ ಅಲ್ವಾ? ಆದರೆ ಮೊದಲನೆಯದು ಹೋಂಡಾ ಎಸ್2000 ಕಾರಿನ ಎಫ್20ಸಿ ಎಂಜಿನ್, ಎರಡನೆಯದು 2007ರ ಫಾರ್ಮುಲಾ ಒನ್ ರೇಸ್ ಕಾರಿನ ವಿ8 (ಎಂಟು ಸಿಲಿಂಡರಿನ ಎಂಜಿನ್) ಎಂದುಕೊಳ್ಳಿ. ಎರಡರ ಸರಾಸರಿ ಪಿಸ್ಟನ್ ವೇಗವೂ ಒಂದೇ. ಸೆಕೆಂಡಿಗೆ 25.2 ಮೀಟರ್.

ಆರ್‌ಪಿಎಂ ನೋಡಿ ಮರುಳಾಗುವವರು ಬಹಳ. ಆದರೆ ಎಂಜಿನ್ ಕಟ್ಟುವವನಿಗೆ ಆರ್‌ಪಿಎಂ ಗುರಿಯಲ್ಲ. ಪಿಸ್ಟನ್ ಎಷ್ಟು ವೇಗ ತಾಳುತ್ತದೆ, ಸ್ಟ್ರೋಕ್ ಎಷ್ಟಿದೆ ಎಂಬುದರಿಂದ ಅದು ತಾನಾಗಿ ಹೊರಬೀಳುವ ಸಂಖ್ಯೆ. ಶಕ್ತಿ ಎಲ್ಲಿಂದ ಬರುತ್ತದೆ, ಅದಕ್ಕೆ ಏನು ಬೆಲೆ ಕೊಡಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಲೆಕ್ಕ ಹಾಕೋಣ. ಕೂಡು, ಗುಣಿಸು, ಭಾಗಿಸು ಗೊತ್ತಿದ್ದರೆ ಸಾಕು. ಒಂದು ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಟುಕೊಳ್ಳಿ.

ಹಂತ 1: ಅಳತೆಗಳನ್ನು ಬರೆದುಕೊಳ್ಳಿ

ಐದು ಸಂಖ್ಯೆಗಳು ಬೇಕು. ಬೋರ್, ಅಂದರೆ ಸಿಲಿಂಡರಿನ ಒಳ ವ್ಯಾಸ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿನಿಂದ ಕೆಳಗೆ ಹೋಗುವ ದೂರ. ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಉದ್ದ, ಅದೂ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ. ಎಂಜಿನ್ ಮುಟ್ಟುವ ಗರಿಷ್ಠ ಆರ್‌ಪಿಎಂ. ಕೊನೆಯದಾಗಿ ಮೇಲೆ ಕೆಳಗೆ ಓಡುವ ಭಾಗದ ತೂಕ. ಪಿಸ್ಟನ್, ರಿಂಗ್‌ಗಳು, ಗಜನ್ ಪಿನ್ (ಪಿಸ್ಟನ್ನಿಗೆ ರಾಡನ್ನು ಸೇರಿಸುವ ಪಿನ್), ಜೊತೆಗೆ ರಾಡಿನ ಮೇಲಿನ ಸುಮಾರು ಮೂರನೇ ಒಂದು ಭಾಗ, ಎಲ್ಲವೂ ಇದರಲ್ಲಿ ಸೇರುತ್ತವೆ.

ಆರ್‌ಪಿಎಂ ವಿಷಯದಲ್ಲಿ ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ದಾಖಲಿಸಿದ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಮುಂದೆ ಈ ಸಂಖ್ಯೆಯನ್ನು ವರ್ಗ ಮಾಡಬೇಕಾಗುತ್ತದೆ. ಇಲ್ಲಿನ ಸಣ್ಣ ತಪ್ಪು ಅಲ್ಲಿ ದೊಡ್ಡದಾಗುತ್ತದೆ.

ಹಂತ 2: ಸರಾಸರಿ ಪಿಸ್ಟನ್ ವೇಗ

ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಪಿಸ್ಟನ್ ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹೋಗುತ್ತದೆ. ಅಂದರೆ ಸುತ್ತಿಗೆ ಎರಡು ಸ್ಟ್ರೋಕ್ ದೂರ. ಹಾಗಾಗಿ:

ಸರಾಸರಿ ವೇಗ = 2 × ಸ್ಟ್ರೋಕ್ (ಮೀಟರಿನಲ್ಲಿ) × ಆರ್‌ಪಿಎಂ ÷ 60

ಎಫ್20ಸಿಯ ಬೋರ್ 87 ಮಿ.ಮೀ., ಸ್ಟ್ರೋಕ್ 84 ಮಿ.ಮೀ. 9,000 ಆರ್‌ಪಿಎಂನಲ್ಲಿ 2 × 0.084 × 150 = 25.2. ಇನ್ನು ಫಾರ್ಮುಲಾ ಒನ್. 2006ರಲ್ಲಿ ಬಂದ 2.4 ಲೀಟರ್ ವಿ8ಗೆ ನಿಯಮ ಕೊಟ್ಟ ಗರಿಷ್ಠ ಬೋರ್ 98 ಮಿ.ಮೀ. ಅಷ್ಟನ್ನೂ ಬಳಸಿಕೊಂಡರೆ ಸ್ಟ್ರೋಕ್ 39.77 ಮಿ.ಮೀ. ಆಗುತ್ತದೆ. 2007ರಲ್ಲಿ ಮಿತಿ 19,000 ಆರ್‌ಪಿಎಂ. ಲೆಕ್ಕ ಮಾಡಿ ನೋಡಿ, ಅದೇ 25.2 ಬರುತ್ತದೆ.

ಈಗ ಈ ಸಂಖ್ಯೆಗೆ ಒಂದು ಅಂದಾಜು ಇರಲಿ. ವಾರ್ಟ್‌ಸಿಲಾ ಆರ್‌ಟಿ-ಫ್ಲೆಕ್ಸ್96ಸಿ ಎಂಬ ಹಡಗಿನ ಡೀಸೆಲ್ ಎಂಜಿನ್ನಿನ ಸ್ಟ್ರೋಕ್ ಎರಡೂವರೆ ಮೀಟರ್. ತಿರುಗುವುದು ನಿಮಿಷಕ್ಕೆ 102 ಸುತ್ತು ಮಾತ್ರ. ಅದರ ಪಿಸ್ಟನ್ ವೇಗ ಸೆಕೆಂಡಿಗೆ 8.5 ಮೀಟರ್. ದಿನಬಳಕೆಯ ಪೆಟ್ರೋಲ್ ಕಾರುಗಳು ರೆಡ್‌ಲೈನಿನಲ್ಲಿ (ಗರಿಷ್ಠ ಆರ್‌ಪಿಎಂನಲ್ಲಿ) ಸುಮಾರು 16ರಿಂದ 20ರೊಳಗೆ ಇರುತ್ತವೆ. ಪಕ್ಕಾ ರೇಸಿಂಗ್ ಎಂಜಿನ್‌ಗಳು 24ರಿಂದ 27ರ ಸುತ್ತ. ಮೋಟೋಜಿಪಿ ರೇಸ್ ಬೈಕುಗಳ 1,000 ಸಿಸಿ ಎಂಜಿನ್ನಿಗೆ 2012ರಿಂದ ಗರಿಷ್ಠ ಬೋರ್ 81 ಮಿ.ಮೀ. ನಾಲ್ಕು ಸಿಲಿಂಡರಿಗೆ ಸ್ಟ್ರೋಕ್ 48.5 ಮಿ.ಮೀ. ಬರುತ್ತದೆ. 18,000 ಆರ್‌ಪಿಎಂ ಮುಟ್ಟಿದರೆ ವೇಗ 29.1. ಇದು ನಿಜಕ್ಕೂ ವಿಪರೀತ.

ಇದಕ್ಕೆ ಉಲ್ಟಾ ಒಂದು ಉದಾಹರಣೆ ನನಗೆ ಬಹಳ ಇಷ್ಟ. 1966ರಲ್ಲಿ ಲುಯಿಜಿ ತವೇರಿ 125 ಸಿಸಿ ವಿಶ್ವ ಚಾಂಪಿಯನ್ ಆದ ಹೋಂಡಾ ಆರ್‌ಸಿ149. ಐದು ಪುಟಾಣಿ ಸಿಲಿಂಡರ್. ಬೋರ್ 35.5, ಸ್ಟ್ರೋಕ್ 25.14 ಮಿ.ಮೀ. ಅದು 20,500 ಆರ್‌ಪಿಎಂ ತಿರುಗುತ್ತಿತ್ತು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಪಿಸ್ಟನ್ ವೇಗ ಬರೀ 17.2! ಒಂದು ಮಾಮೂಲಿ ಕಾರಿನಷ್ಟೇ.

ಹಂತ 3: ಗರಿಷ್ಠ ವೇಗ ಎಲ್ಲಿದೆ ನೋಡಿ

ಸರಾಸರಿ ಅಂದರೆ ಸರಾಸರಿ ಅಷ್ಟೇ. ಪಿಸ್ಟನ್ ಎರಡೂ ತುದಿಗಳಲ್ಲಿ ಪೂರ್ತಿ ನಿಂತು, ನಡುವೆ ಓಡುತ್ತದೆ. ರಾಡ್ ಮತ್ತು ಕ್ರ್ಯಾಂಕಿನ ತೋಳು ಒಂದಕ್ಕೊಂದು ಲಂಬವಾದಾಗ ವೇಗ ಹೆಚ್ಚುಕಡಿಮೆ ಅತಿ ಹೆಚ್ಚು. ಎಫ್20ಸಿಯ ರಾಡ್ 153 ಮಿ.ಮೀ. ಕ್ರ್ಯಾಂಕಿನ ತೋಳು ಸ್ಟ್ರೋಕಿನ ಅರ್ಧ, 42 ಮಿ.ಮೀ. ಅಲ್ಲಿ ಗರಿಷ್ಠ ವೇಗ ಬರುವುದು ಟಿಡಿಸಿ (ಪಿಸ್ಟನ್ ಅತಿ ಮೇಲಿರುವ ಬಿಂದು) ದಾಟಿ ಸುಮಾರು 75 ಡಿಗ್ರಿಗೆ. ಆಗ ಪಿಸ್ಟನ್ ಸೆಕೆಂಡಿಗೆ 41 ಮೀಟರಿನಲ್ಲಿರುತ್ತದೆ. ಬೇಗ ಅಂದಾಜು ಬೇಕಿದ್ದರೆ ಸರಾಸರಿಯನ್ನು 1.6ರಿಂದ ಗುಣಿಸಿ. ಸಾಮಾನ್ಯ ಅನುಪಾತದ ಎಂಜಿನ್‌ಗಳಿಗೆ ಅಷ್ಟು ಸಾಕು.

90 ಡಿಗ್ರಿಗೆ ಏಕೆ ಅಲ್ಲ? ರಾಡ್ ಓರೆಯಾಗುವುದರಿಂದ. ಕ್ರ್ಯಾಂಕ್ ಕಾಲು ಸುತ್ತು ತಿರುಗುವಷ್ಟರಲ್ಲಿ ಈ ಎಂಜಿನ್ನಿನ ಪಿಸ್ಟನ್ ಆಗಲೇ 47.9 ಮಿ.ಮೀ. ಇಳಿದಿರುತ್ತದೆ. ಅರ್ಧ ದಾರಿ 42 ಮಿ.ಮೀ. ತಾನೇ? ಮೇಲಿನ ಅರ್ಧ ದಾರಿಯನ್ನು ಪಿಸ್ಟನ್ ಬೇಗ ಮುಗಿಸುತ್ತದೆ, ಕೆಳಗಿನ ಅರ್ಧದಲ್ಲಿ ನಿಧಾನಿಸುತ್ತದೆ. ಮುಂದಿನ ಹಂತದ ಕಷ್ಟವೆಲ್ಲ ಶುರುವಾಗುವುದು ಇಲ್ಲಿಂದಲೇ.

ಹಂತ 4: ಟಿಡಿಸಿಯಲ್ಲಿನ ವೇಗೋತ್ಕರ್ಷ

ಇಡೀ ಲೆಕ್ಕದಲ್ಲಿ ಅತಿ ಮುಖ್ಯ ಹಂತ ಇದು. ನಿಧಾನವಾಗಿ ಓದಿ.

ಉಯ್ಯಾಲೆ ತುದಿಗೆ ಹೋದಾಗ ವೇಗ ಸೊನ್ನೆ, ಆದರೆ ಹಿಂದಕ್ಕೆ ಎಳೆಯುವ ಬಲ ಅಲ್ಲೇ ಅತಿ ಹೆಚ್ಚು. ಪಿಸ್ಟನ್ನಿನದೂ ಅದೇ ಕಥೆ. ಮೇಲಕ್ಕೆ ಹಾರುತ್ತಿರುವ ಲೋಹದ ತುಂಡನ್ನು ನಿಲ್ಲಿಸಿ, ತಿರುಗಿಸಿ, ಕೆಳಗೆ ಎಳೆಯಬೇಕು. ಎಳೆಯುವ ಕೆಲಸ ರಾಡಿನದು.

ಮೊದಲು ಕ್ರ್ಯಾಂಕಿನ ಕೋನವೇಗ: ಆರ್‌ಪಿಎಂ × 0.10472. ಆಮೇಲೆ:

ಟಿಡಿಸಿ ವೇಗೋತ್ಕರ್ಷ = ತೋಳು × ಕೋನವೇಗದ ವರ್ಗ × (1 + ತೋಳು ÷ ರಾಡ್ ಉದ್ದ)

ಬಿಡಿಸಿಯಲ್ಲಿ, ಅಂದರೆ ಪಿಸ್ಟನ್ ಅತಿ ಕೆಳಗಿರುವಾಗ, ಕೂಡುವ ಬದಲು ಕಳೆಯಿರಿ. ಅಷ್ಟೇ ವ್ಯತ್ಯಾಸ.

ಎಫ್20ಸಿಗೆ 9,000ದಲ್ಲಿ ಕೋನವೇಗ 942.5. ತೋಳು 0.042 ಮೀಟರ್. ಕಂಸದೊಳಗೆ 1.2745. ಉತ್ತರ ಸುಮಾರು 47,550, ಅಂದರೆ ಭೂಮಿಯ ಗುರುತ್ವದ 4,850 ಪಟ್ಟು. ಇದನ್ನು 4,850 ಜಿ ಎನ್ನೋಣ. ಬಿಡಿಸಿಯಲ್ಲಿ 2,760 ಜಿ ಮಾತ್ರ. ಮೇಲೆ ಕೆಳಗೆ ಇಷ್ಟೊಂದು ಅಂತರ ಇರುವುದು ರಾಡ್ ಓರೆಯಾಗುವ ಆ ಗುಣದಿಂದಲೇ.

ಫಾರ್ಮುಲಾ ಒನ್ ವಿ8ಗೆ ರಾಡ್ 102 ಮಿ.ಮೀ. ಎಂದು ಇಟ್ಟುಕೊಂಡು ಇದೇ ಲೆಕ್ಕ ಮಾಡಿ. 19,000ದಲ್ಲಿ ಸುಮಾರು 9,600 ಜಿ. ಸರಾಸರಿ ಪಿಸ್ಟನ್ ವೇಗ ಎರಡಕ್ಕೂ ಒಂದೇ, ವೇಗೋತ್ಕರ್ಷ ಮಾತ್ರ ಇಮ್ಮಡಿ. ಕಾರಣ ಸರಳ. ವೇಗ ಅದೇ ಇಟ್ಟು ಸ್ಟ್ರೋಕ್ ಅರ್ಧ ಮಾಡಿದರೆ, ಅದೇ ವೇಗವನ್ನು ಅರ್ಧ ಸಮಯದಲ್ಲಿ ನಿಲ್ಲಿಸಬೇಕು.

ಹಾಗಾದರೆ ಪಿಸ್ಟನ್ ವೇಗ ಎಂಬ ಅಳತೆಗೆ ಅರ್ಥವೇ ಇಲ್ಲವೇ? ಇದೆ. ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಒಂದು ಎಂಜಿನ್ನಿನ ಎಲ್ಲ ಅಳತೆಗಳನ್ನೂ ಎರಡು ಪಟ್ಟು ಮಾಡಿ, ಪಿಸ್ಟನ್ ವೇಗ ಮಾತ್ರ ಅಷ್ಟೇ ಇಡಿ. ವೇಗೋತ್ಕರ್ಷ ಅರ್ಧವಾಗುತ್ತದೆ. ಪಿಸ್ಟನ್ನಿನ ತೂಕ ಎಂಟು ಪಟ್ಟಾಗುತ್ತದೆ. ಬಲ ನಾಲ್ಕು ಪಟ್ಟು. ರಾಡಿನ ಅಡ್ಡ ಕೊಯ್ತದ ವಿಸ್ತೀರ್ಣವೂ ನಾಲ್ಕು ಪಟ್ಟು. ಅಂದರೆ ಲೋಹದ ಒಂದೊಂದು ಚದರ ಮಿಲಿಮೀಟರಿನ ಮೇಲಿನ ಎಳೆತ ಬದಲಾಗುವುದೇ ಇಲ್ಲ. ಒಂದೇ ಆಕಾರ, ಒಂದೇ ಲೋಹದ ಎಂಜಿನ್‌ಗಳಲ್ಲಿ ಎಳೆತ ನಿರ್ಧಾರವಾಗುವುದು ಪಿಸ್ಟನ್ ವೇಗದ ವರ್ಗದಿಂದ. ಎಂಜಿನ್ ದೊಡ್ಡದೋ ಸಣ್ಣದೋ, ಲೆಕ್ಕಕ್ಕಿಲ್ಲ. ಬೇರೆ ಬೇರೆ ಗಾತ್ರದ ಎಂಜಿನ್‌ಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಒಂಟಿ ಸಂಖ್ಯೆ ಇಲ್ಲ.

ಆದರೆ ರೇಸಿಂಗ್ ಎಂಜಿನ್ ಕಾರಿನ ಎಂಜಿನ್ನಿನ ಆಕಾರದಲ್ಲೇ ಇರುವುದಿಲ್ಲ. ಬೋರ್ ಅಗಲ, ಸ್ಟ್ರೋಕ್ ಗಿಡ್ಡ. ಅಗಲ ಪಿಸ್ಟನ್ ಭಾರವಾಗುತ್ತದೆ, ಮೇಲಾಗಿ ವೇಗೋತ್ಕರ್ಷವೂ ಜಾಸ್ತಿ. ಎರಡೂ ಒಟ್ಟಿಗೆ ಹೊಡೆಯುತ್ತವೆ. ರೇಸಿಂಗ್ ಪಿಸ್ಟನ್ನಿನ ಸ್ಕರ್ಟ್ ಗಿಡ್ಡವಾಗಿ, ಗಜನ್ ಪಿನ್ ಚಿಕ್ಕದಾಗಿ, ರಿಂಗ್ ಕಾಗದದಂತೆ ತೆಳ್ಳಗಿರುವುದು ಇದಕ್ಕೇ. ಗ್ರಾಂ ಗ್ರಾಂ ಕೆರೆದು ತೆಗೆಯುವುದು ಶೋಕಿಗಲ್ಲ.

ಹಂತ 5: ಬಲವನ್ನು ಕಿಲೋದಲ್ಲಿ ನೋಡಿ

ಜಿ ಸಂಖ್ಯೆಯನ್ನು ಓಡುವ ಭಾಗದ ತೂಕದಿಂದ ಗುಣಿಸಿ. ಆ ತೂಕ ಅರ್ಧ ಕಿಲೋ ಎಂದುಕೊಂಡರೆ ಎಫ್20ಸಿಯಲ್ಲಿ 4,850 × 0.5, ಸುಮಾರು 2,400 ಕಿಲೋ. ಒಂದು ರಾಡಿಗೆ ಒಂದು ದೊಡ್ಡ ಎಸ್‌ಯುವಿ ನೇತು ಹಾಕಿದ ಹಾಗೆ.

ಈ ಎಳೆತ ಯಾವಾಗ ಅತಿ ಕೆಟ್ಟದ್ದು? ಎಲ್ಲರೂ ಪೆಟ್ರೋಲ್ ಉರಿಯುವ ಹೊತ್ತು ಎನ್ನುತ್ತಾರೆ. ಅಲ್ಲ. ಆ ಟಿಡಿಸಿಯಲ್ಲಿ ಅನಿಲದ ಒತ್ತಡ ಪಿಸ್ಟನ್ನನ್ನು ಕೆಳಗೆ ತಳ್ಳಿ ರಾಡಿಗೆ ಸಹಾಯವೇ ಮಾಡುತ್ತದೆ. ಕೆಟ್ಟದ್ದು ಇನ್ನೊಂದು ಟಿಡಿಸಿ, ಸುಟ್ಟ ಅನಿಲ ಹೊರಹೋಗುವುದು (ಎಕ್ಸಾಸ್ಟ್) ಮುಗಿದು ಹೊಸ ಗಾಳಿ ಒಳಬರುವುದು (ಇಂಟೇಕ್) ಶುರುವಾಗುವ ಹೊತ್ತು. ಆಗ ಮೇಲಿನಿಂದ ತಳ್ಳುವವರು ಯಾರೂ ಇಲ್ಲ. ಪೂರ್ತಿ ಭಾರ ರಾಡ್ ಮತ್ತು ರಾಡ್ ಬೋಲ್ಟ್‌ಗಳ ಮೇಲೆ. 9,000ದಲ್ಲಿ ಇದು ಸೆಕೆಂಡಿಗೆ 75 ಸಲ ಆಗುತ್ತದೆ. ಪೂರ್ತಿ ವೇಗದಲ್ಲಿ ಥ್ರಾಟಲ್ ಮುಚ್ಚಿದರೆ ಇನ್ನೂ ಕಷ್ಟ. ಸಿಲಿಂಡರಿನಲ್ಲಿ ಒತ್ತಡ ಇಳಿದು, ಪಿಸ್ಟನ್ನನ್ನು ಮೇಲಕ್ಕೇ ಎಳೆಯುತ್ತದೆ.

ಬಲ ಆರ್‌ಪಿಎಂನ ವರ್ಗದಂತೆ ಏರುತ್ತದೆ. 9,000ದಿಂದ 10,000ಕ್ಕೆ ಹೋದರೆ ಶೇ. 23 ಜಾಸ್ತಿ. ತಪ್ಪು ಗೇರಿಗೆ ಇಳಿಸಿ 11,000 ಮುಟ್ಟಿಸಿದರೆ ಶೇ. 49 ಜಾಸ್ತಿ. ರೆವ್ ಲಿಮಿಟರ್ ಇದೆಯಲ್ಲ ಎನ್ನಬೇಡಿ. ಲಿಮಿಟರ್ ಇಂಧನ ಅಥವಾ ಕಿಡಿ ನಿಲ್ಲಿಸುತ್ತದೆ ಅಷ್ಟೇ. ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತಿರುವಾಗ ಅದಕ್ಕೆ ಏನೂ ಮಾಡಲಾಗದು.

ಹಂತ 6: ರಾಡ್ ಅನುಪಾತ

ರಾಡ್ ಉದ್ದವನ್ನು ಸ್ಟ್ರೋಕಿನಿಂದ ಭಾಗಿಸಿ. ಎಫ್20ಸಿಯಲ್ಲಿ 1.82. ನಮ್ಮ ವಿ8 ಲೆಕ್ಕದಲ್ಲಿ 2.56. ಅನುಪಾತ ಹೆಚ್ಚಿದಷ್ಟೂ ರಾಡ್ ಕಡಿಮೆ ಓರೆಯಾಗುತ್ತದೆ. ಮೊದಲನೆಯದರಲ್ಲಿ ಗರಿಷ್ಠ ಓರೆ ಸುಮಾರು 16 ಡಿಗ್ರಿ, ಎರಡನೆಯದರಲ್ಲಿ 11. ಪಿಸ್ಟನ್ ಸಿಲಿಂಡರ್ ಗೋಡೆಗೆ ಒತ್ತುವುದು ಕಡಿಮೆ, ಟಿಡಿಸಿಯ ವೇಗೋತ್ಕರ್ಷವೂ ಸ್ವಲ್ಪ ಕಡಿಮೆ.

ಆದರೆ ಇದರ ಬಗ್ಗೆ ಅಗತ್ಯಕ್ಕಿಂತ ಜಾಸ್ತಿ ಚರ್ಚೆ ನಡೆಯುತ್ತದೆ ಎಂಬುದು ನನ್ನ ಅನಿಸಿಕೆ. ಅನುಪಾತವನ್ನು 1.8ರಿಂದ 2.0ಕ್ಕೆ ಏರಿಸಿದರೆ ವೇಗೋತ್ಕರ್ಷ ಇಳಿಯುವುದು ಶೇ. 2ರಷ್ಟು ಮಾತ್ರ. ಉದ್ದ ರಾಡಿನ ಹೆಚ್ಚುವರಿ ತೂಕ, ಎತ್ತರವಾಗುವ ಬ್ಲಾಕ್ ಆ ಲಾಭವನ್ನು ಸುಲಭವಾಗಿ ತಿಂದುಹಾಕಬಲ್ಲವು. ಪಿಸ್ಟನ್ ಹಗುರ ಮಾಡುವುದರಲ್ಲಿ ಸಿಗುವ ಲಾಭ ಇದಕ್ಕಿಂತ ಎಷ್ಟೋ ದೊಡ್ಡದು.

ಹಂತ 7: ಶಕ್ತಿ ಎಲ್ಲಿಂದ ಬರುತ್ತದೆ

ಇಷ್ಟೆಲ್ಲ ಕಷ್ಟ ಇದ್ದರೂ ಗಿಡ್ಡ ಸ್ಟ್ರೋಕ್ ಯಾಕೆ? ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಈ ಸೂತ್ರ ನೋಡಿ:

ಶಕ್ತಿ = ಸರಾಸರಿ ಪರಿಣಾಮಕಾರಿ ಒತ್ತಡ × ಎಲ್ಲ ಪಿಸ್ಟನ್‌ಗಳ ಒಟ್ಟು ವಿಸ್ತೀರ್ಣ × ಸರಾಸರಿ ಪಿಸ್ಟನ್ ವೇಗ ÷ 4

ಸರಾಸರಿ ಪರಿಣಾಮಕಾರಿ ಒತ್ತಡ ಅಂದರೆ ಪಿಸ್ಟನ್ನನ್ನು ತಳ್ಳಿ ಕೆಲಸ ಮಾಡಿಸುವ ಒತ್ತಡದ ಸರಾಸರಿ; ಮುಂದೆ ಬರೀ ಒತ್ತಡ ಎನ್ನೋಣ. ಈ ಸೂತ್ರದಲ್ಲಿ ಸಿಸಿ ಇಲ್ಲ. ಆರ್‌ಪಿಎಂ ಇಲ್ಲ. ಸ್ಟ್ರೋಕ್ ಪ್ರತ್ಯೇಕವಾಗಿ ಕಾಣುವುದೇ ಇಲ್ಲ. ಪಿಸ್ಟನ್ ವೇಗಕ್ಕೆ ಲೋಹ ಒಂದು ಮಿತಿ ಹಾಕುತ್ತದೆ. ಟರ್ಬೋ ಇಲ್ಲದ ಎಂಜಿನ್ನಿನ ಒತ್ತಡಕ್ಕೆ ಗಾಳಿಯೇ ಒಂದು ಮಿತಿ ಹಾಕುತ್ತದೆ. ಹಾಗಾದರೆ ಉಳಿದಿದ್ದು ಒಂದೇ, ಪಿಸ್ಟನ್ನಿನ ವಿಸ್ತೀರ್ಣ. ಅದೇ ಸಿಸಿಯೊಳಗೆ ವಿಸ್ತೀರ್ಣ ಹೆಚ್ಚಿಸಬೇಕೆಂದರೆ ಬೋರ್ ಅಗಲ ಮಾಡಬೇಕು, ಇಲ್ಲವೇ ಸಿಲಿಂಡರ್‌ಗಳನ್ನು ಹೆಚ್ಚಿಸಬೇಕು. ಎರಡರಲ್ಲೂ ಸ್ಟ್ರೋಕ್ ಗಿಡ್ಡವಾಗುತ್ತದೆ, ಆರ್‌ಪಿಎಂ ತಾನಾಗಿ ಮೇಲೇರುತ್ತದೆ.

ಪರೀಕ್ಷಿಸಿ ನೋಡೋಣ. ಜಪಾನಿನ ಎಫ್20ಸಿ 8,300 ಆರ್‌ಪಿಎಂನಲ್ಲಿ 250 ಅಶ್ವಶಕ್ತಿ, ಅಂದರೆ 184 ಕಿಲೋವ್ಯಾಟ್ ಕೊಡುತ್ತಿತ್ತು. ಒಟ್ಟು ವಿಸ್ತೀರ್ಣ 238 ಚದರ ಸೆ.ಮೀ., ವೇಗ 23.2. ಒತ್ತಡ ಸುಮಾರು 13.3 ಬಾರ್ ಎಂದು ಬರುತ್ತದೆ. ವಿ8ರಲ್ಲಿ ವಿಸ್ತೀರ್ಣ 603 ಚದರ ಸೆ.ಮೀ. 18,000ದಲ್ಲಿ ವೇಗ 23.9. ಒತ್ತಡ 15 ಬಾರ್ ಹಿಡಿದರೂ ಶಕ್ತಿ 540 ಕಿಲೋವ್ಯಾಟ್. ಒತ್ತಡದಲ್ಲಿ, ವೇಗದಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ. ಸುಮಾರು ಮೂರು ಪಟ್ಟು ಶಕ್ತಿ ಬಂದದ್ದು ಮುಖ್ಯವಾಗಿ ವಿಸ್ತೀರ್ಣದಿಂದ. ಇದನ್ನು ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನಿಯಮ ಮಾಡುವವರಿಗೂ ಇದು ಚೆನ್ನಾಗಿ ಗೊತ್ತು. 1910ರ ಹೊತ್ತಿಗೆ ಬ್ರಿಟನ್ನಿನಲ್ಲಿ ಬಂದ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಅಶ್ವಶಕ್ತಿ ಸೂತ್ರ ನೋಡಿ. ಇಂಚಿನಲ್ಲಿ ಬೋರಿನ ವರ್ಗ, ಗುಣಿಸು ಸಿಲಿಂಡರ್ ಸಂಖ್ಯೆ, ಭಾಗಿಸು 2.5. ಸ್ಟ್ರೋಕಿನ ಸುದ್ದಿಯೇ ಇಲ್ಲ. ಪಿಸ್ಟನ್ ವೇಗ ನಿಮಿಷಕ್ಕೆ 1,000 ಅಡಿ, ಅಂದರೆ ಸೆಕೆಂಡಿಗೆ ಸುಮಾರು 5 ಮೀಟರ್ ಎಂದು ಅದು ಹಿಡಿದುಬಿಟ್ಟಿತ್ತು. ತೆರಿಗೆ ಈ ಸಂಖ್ಯೆಯ ಮೇಲೆ ಬಿದ್ದಾಗ ತಯಾರಕರು ಬೋರ್ ಕಿರಿದು ಮಾಡಿ ಸ್ಟ್ರೋಕ್ ಉದ್ದ ಎಳೆದರು. ಬ್ರಿಟಿಷ್ ಕಾರುಗಳಲ್ಲಿ ದಶಕಗಳ ಕಾಲ ಉದ್ದ ಸ್ಟ್ರೋಕಿನ ಎಂಜಿನ್ ಉಳಿದುಕೊಳ್ಳಲು ಇದೊಂದು ದೊಡ್ಡ ಕಾರಣ.

ಇವತ್ತಿನ ರೇಸಿಂಗ್ ನಿಯಮವೂ ಬೋರಿಗೇ ಬೇಲಿ ಹಾಕುತ್ತದೆ. ಮೋಟೋಜಿಪಿ 2027ರಿಂದ 850 ಸಿಸಿಗೆ ಇಳಿಯುವಾಗ ಗರಿಷ್ಠ ಬೋರ್ 75 ಮಿ.ಮೀ. ಸ್ಟ್ರೋಕ್ ಲೆಕ್ಕ ಹಾಕಿ. 48.1 ಬರುತ್ತದೆ. ಹಳೆಯದು 48.5 ಇತ್ತು. ಸ್ಟ್ರೋಕ್ ಹೆಚ್ಚುಕಡಿಮೆ ಹಾಗೇ ಇದೆ! ಕತ್ತರಿ ಬಿದ್ದದ್ದು ವಿಸ್ತೀರ್ಣಕ್ಕೆ, 206ರಿಂದ 177 ಚದರ ಸೆ.ಮೀ.ಗೆ. ಇದು ಬಹಳ ಜಾಣ ನಿಯಮ.

ಫಾರ್ಮುಲಾ ಒನ್‌ನಲ್ಲಿ 2014ರಲ್ಲಿ ಬಂದ 1.6 ಲೀಟರ್ ಟರ್ಬೋ ವಿ6ಗೆ ಬೋರ್ 80 ಎಂದು ನಿಯಮವೇ ಗೊತ್ತುಮಾಡಿತು. ಸ್ಟ್ರೋಕ್ 53 ಬರುತ್ತದೆ. ಮಿತಿ 15,000 ಆರ್‌ಪಿಎಂ. ಆದರೆ 10,500 ದಾಟಿದ ಮೇಲೆ ಇಂಧನ ಗಂಟೆಗೆ 100 ಕೆ.ಜಿ.ಗಿಂತ ಜಾಸ್ತಿ ಹರಿಯುವಂತಿರಲಿಲ್ಲ. ಇನ್ನೂ ತಿರುಗಿಸಿದರೆ ಸುಮ್ನೆ ಘರ್ಷಣೆ ಹೆಚ್ಚುತ್ತದೆ. ಹಾಗಾಗಿ ಯಾರೂ 15,000ದ ಹತ್ತಿರ ಹೋಗಲಿಲ್ಲ.

ಹಂತ 8: ಉಸಿರಾಟದ ಪರೀಕ್ಷೆ

ಪಿಸ್ಟನ್ ಓಡಿದರೆ ಸಾಲದು, ಗಾಳಿ ಅದರ ಹಿಂದೆ ಓಡಿ ಬರಬೇಕು. ವಾಲ್ವಿನ ಬಳಿ ಗಾಳಿಯ ವೇಗ ಶಬ್ದದ ವೇಗದ ಹತ್ತಿರ ಹೋದರೆ ಸಿಲಿಂಡರ್ ತುಂಬುವುದಿಲ್ಲ. ಪರೀಕ್ಷೆ ಹೀಗೆ: ಪಿಸ್ಟನ್ ವಿಸ್ತೀರ್ಣವನ್ನು ಇಂಟೇಕ್ ವಾಲ್ವ್‌ಗಳ ವಿಸ್ತೀರ್ಣದಿಂದ ಭಾಗಿಸಿ. ಸರಾಸರಿ ಪಿಸ್ಟನ್ ವೇಗದಿಂದ ಗುಣಿಸಿ. ಬಂದದ್ದನ್ನು ಹರಿವಿನ ಗುಣಾಂಕ ಮತ್ತು ಶಬ್ದದ ವೇಗ ಎರಡರಿಂದಲೂ ಭಾಗಿಸಿ. ಗುಣಾಂಕ 0.4, ಶಬ್ದದ ವೇಗ 340 ಇಟ್ಟುಕೊಳ್ಳಿ. ಉತ್ತರ 0.6 ದಾಟಿದರೆ ಎಂಜಿನ್ ಉಸಿರುಗಟ್ಟಲು ಶುರುವಾಗುತ್ತದೆ.

87 ಮಿ.ಮೀ. ಬೋರಿಗೆ 36 ಮಿ.ಮೀ.ನ ಎರಡು ಇಂಟೇಕ್ ವಾಲ್ವ್ ಎಂದುಕೊಳ್ಳಿ. ವಿಸ್ತೀರ್ಣದ ಅನುಪಾತ 2.92. ವೇಗ 23.2ರಲ್ಲಿ ಉತ್ತರ 0.5. ಆರಾಮ. ಅದೇ ಎಂಜಿನ್ನನ್ನು 11,000ಕ್ಕೆ ಎಳೆದರೆ 0.66. ರಾಡ್ ತಾಳಿದರೂ ಶಕ್ತಿ ಬರುವುದಿಲ್ಲ. ಇಲ್ಲಿಯೂ ಮಿತಿ ಹಾಕಿದ್ದು ಪಿಸ್ಟನ್ ವೇಗವೇ, ಗಮನಿಸಿ.

ಅಗಲ ಬೋರಿನಲ್ಲಿ ಸಿಲಿಂಡರಿನ ಪ್ರತಿ ಸಿಸಿಗೆ ದೊಡ್ಡ ವಾಲ್ವ್ ಕೂರಿಸಬಹುದು. ಆದರೆ ಆ ವಾಲ್ವ್‌ಗಳನ್ನು ಆ ಆರ್‌ಪಿಎಂನಲ್ಲಿ ಮುಚ್ಚಬೇಕಲ್ಲ? ಉಕ್ಕಿನ ಸ್ಪ್ರಿಂಗ್ ಒಂದು ಹಂತದ ನಂತರ ತಾನೇ ಕಂಪಿಸಿ ಸೋಲುತ್ತದೆ. ರೆನೋ 1986ರಲ್ಲಿ ತನ್ನ ಟರ್ಬೋ ವಿ6ಗೆ ಒತ್ತಿದ ಅನಿಲದ ಸ್ಪ್ರಿಂಗ್ ತಂದದ್ದು ಇದಕ್ಕೇ. ಡುಕಾಟಿ ಬೇರೆ ದಾರಿ ಹಿಡಿಯಿತು. ಅದರ ಡೆಸ್ಮೋಡ್ರಾಮಿಕ್ ಎಂಜಿನ್‌ಗಳಲ್ಲಿ ವಾಲ್ವನ್ನು ಮುಚ್ಚುವುದೂ ಅದನ್ನು ತೆರೆಯುವಂಥ ತಿರುಗುವ ಕ್ಯಾಮೇ. ನಿಮ್ಮ ಎಂಜಿನ್ನಿನಲ್ಲಿ ಮಾಮೂಲಿ ಸ್ಪ್ರಿಂಗ್ ಇದ್ದರೆ ಪಿಸ್ಟನ್ನಿಗಿಂತ ಮೊದಲು ವಾಲ್ವೇ ಮಿತಿ ಹಾಕುವ ಸಾಧ್ಯತೆ ಇದೆ.

ಹಂತ 9: ಉರಿಯುವ ಜಾಗ

ಟಿಡಿಸಿಯಲ್ಲಿ ಪಿಸ್ಟನ್ನಿನ ಮೇಲೆ ಉಳಿಯುವ ಜಾಗದ ಸರಾಸರಿ ಎತ್ತರಕ್ಕೆ ಸುಲಭ ಲೆಕ್ಕ ಇದೆ. ಕಂಪ್ರೆಷನ್ ಅನುಪಾತದಿಂದ (ಸಿಲಿಂಡರಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತಾರೆ ಎಂಬ ಸಂಖ್ಯೆ) ಒಂದು ಕಳೆದು, ಬಂದದ್ದರಿಂದ ಸ್ಟ್ರೋಕನ್ನು ಭಾಗಿಸಿ. ಎಫ್20ಸಿಯಲ್ಲಿ ಅನುಪಾತ 11.7, ಹಾಗಾಗಿ 84 ÷ 10.7, ಸುಮಾರು 7.9 ಮಿ.ಮೀ. ವಿ8ಗೆ ಅನುಪಾತ 13 ಹಿಡಿದರೆ 39.77 ÷ 12, ಬರೀ 3.3 ಮಿ.ಮೀ. 98 ಮಿ.ಮೀ. ಅಗಲ, 3.3 ಮಿ.ಮೀ. ಎತ್ತರ! ಇದರೊಳಗೆ ವಾಲ್ವ್‌ಗಳಿಗೆ ಪಿಸ್ಟನ್ ತಲೆಯಲ್ಲಿ ಗುಂಡಿಗಳೂ ಬೇಕು. ಜ್ವಾಲೆ ಆ ಸಂದಿಗಳಲ್ಲಿ ಹರಡಬೇಕು. ತಣ್ಣನೆ ಲೋಹದ ಮೇಲ್ಮೈ ಬಹಳ, ಬಿಸಿ ಅಲ್ಲಿ ಸೋರಿಹೋಗುತ್ತದೆ.

18,000 ಆರ್‌ಪಿಎಂನಲ್ಲಿ ಒಂದು ಸ್ಟ್ರೋಕಿಗೆ ಸಿಗುವುದು ಒಂದು ಸೆಕೆಂಡಿನ 600ನೇ ಒಂದು ಭಾಗ. ಅಷ್ಟರಲ್ಲಿ ಉರಿದು ಮುಗಿಯುವುದು ಹೇಗೆ? ಗಾಳಿಯ ಸುಳಿಗಳು ಜ್ವಾಲೆಯನ್ನು ಹರಡುತ್ತವೆ, ಪಿಸ್ಟನ್ ಜೋರಾಗಿ ಓಡಿದಷ್ಟೂ ಸುಳಿಗಳೂ ಜೋರಾಗುತ್ತವೆ. ಈ ಗುಣ ಇಲ್ಲದಿದ್ದರೆ ಹೆಚ್ಚು ತಿರುಗುವ ಎಂಜಿನ್ ಎಂಬುದೇ ಇರುತ್ತಿರಲಿಲ್ಲ.

ಹಂತ 10: ಎಲ್ಲ ಸೇರಿಸಿ ಒಂದು ಎಂಜಿನ್ ಆರಿಸಿ

600 ಸಿಸಿ, ನಾಲ್ಕು ಸಿಲಿಂಡರ್. ಪಿಸ್ಟನ್ ವೇಗ 23 ಎಂದು ನಿಗದಿ ಮಾಡೋಣ. ರಾಡ್ ಅನುಪಾತ 2.1, ಕಂಪ್ರೆಷನ್ 13, ಒತ್ತಡ 13 ಬಾರ್. ಮೂರು ಆಯ್ಕೆಗಳಿವೆ.

ಮೊದಲನೆಯದು 60 × 53 ಮಿ.ಮೀ. ಇದು 13,000 ಆರ್‌ಪಿಎಂ ತಿರುಗುತ್ತದೆ. 84 ಕಿಲೋವ್ಯಾಟ್, ಟಿಡಿಸಿಯಲ್ಲಿ 6,200 ಜಿ, ಉರಿಯುವ ಜಾಗದ ಎತ್ತರ 4.4 ಮಿ.ಮೀ.

ಎರಡನೆಯದು 67 × 42.5. ಆರ್‌ಪಿಎಂ 16,200. ಶಕ್ತಿ 105 ಕಿಲೋವ್ಯಾಟ್. 7,750 ಜಿ, ಎತ್ತರ 3.5.

ಮೂರನೆಯದು 72 × 36.8. ಆರ್‌ಪಿಎಂ 18,750. ಕಾಗದದ ಮೇಲೆ 122 ಕಿಲೋವ್ಯಾಟ್. 8,950 ಜಿ, ಎತ್ತರ 3.1.

ಮೂರನೆಯದನ್ನೇ ಆರಿಸೋಣ ಎನಿಸುತ್ತದೆ. ಆದರೆ 13 ಬಾರ್ ಅಲ್ಲಿ ಉಳಿಯುತ್ತದೆಯೇ? ತೆಳ್ಳನೆ ಜಾಗದಲ್ಲಿ ಉರಿಯುವುದು ಕೆಡುತ್ತದೆ. ಅಗಲವಾದ, ಭಾರವಾದ ಪಿಸ್ಟನ್ನಿನಿಂದ ಬೇರಿಂಗ್‌ಗಳ ಹೊರೆ ಏರಿ ಘರ್ಷಣೆ ಹೆಚ್ಚುತ್ತದೆ. ಒತ್ತಡ 11 ಬಾರಿಗೆ ಇಳಿದರೆ ಶಕ್ತಿ 103 ಕಿಲೋವ್ಯಾಟ್. ಎರಡನೆಯದಕ್ಕಿಂತ ಕಡಿಮೆ! ಜೊತೆಗೆ ವಾಲ್ವ್ ಸ್ಪ್ರಿಂಗಿನ ಪಾಡು ಬೇರೆ. ಅನಿಲದ ಸ್ಪ್ರಿಂಗ್ ಇಲ್ಲದೆ ಮೂರನೆಯದನ್ನು ನಾನು ಮುಟ್ಟುವುದಿಲ್ಲ. ಎರಡನೆಯದನ್ನೇ ಆರಿಸಿ, ಹಗುರ ಪಿಸ್ಟನ್ನಿಗೆ ಖರ್ಚು ಮಾಡುತ್ತೇನೆ. 600 ಸಿಸಿ ಸೂಪರ್‌ಸ್ಪೋರ್ಟ್ ಬೈಕ್‌ಗಳಲ್ಲಿ ಇದೇ ಅಳತೆ ಮತ್ತೆ ಮತ್ತೆ ಕಾಣಿಸುವುದು ಆಕಸ್ಮಿಕವಲ್ಲ.

ಹಂತ 11: ಕಟ್ಟುವಾಗ ಅಳೆಯಿರಿ

ಲೆಕ್ಕ ಸರಿ ಇದ್ದರೂ ಜೋಡಣೆಯಲ್ಲಿ ಕೆಡಬಹುದು. ಪೂರ್ತಿ ವೇಗದಲ್ಲಿ ರಾಡ್ ಹಿಗ್ಗುತ್ತದೆ, ಬೇರಿಂಗಿನ ಸಂದು ಒಂದು ಕಡೆಗೆ ಸರಿಯುತ್ತದೆ, ಕ್ರ್ಯಾಂಕ್ ಸ್ವಲ್ಪ ಬಾಗುತ್ತದೆ. ಪಿಸ್ಟನ್ ನೀವು ಕೈಯಲ್ಲಿ ತಿರುಗಿಸಿ ನೋಡಿದ್ದಕ್ಕಿಂತ ಮೇಲೆ ಹೋಗುತ್ತದೆ. ಉಕ್ಕಿನ ರಾಡ್ ಇರುವ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಹೆಡ್ಡಿಗೂ (ಸಿಲಿಂಡರಿನ ಮೇಲಿನ ಮುಚ್ಚಳ) ನಡುವೆ ಸುಮಾರು 1 ಮಿ.ಮೀ. ಬಿಡುವುದು ರೂಢಿ. ಇಂಟೇಕ್ ವಾಲ್ವಿಗೂ ಪಿಸ್ಟನ್ನಿಗೂ ಸುಮಾರು 2 ಮಿ.ಮೀ., ಎಕ್ಸಾಸ್ಟಿಗೆ ಸುಮಾರು 2.5. ಅಲ್ಯುಮಿನಿಯಂ ರಾಡ್ ಆದರೆ ಇನ್ನೂ ಜಾಸ್ತಿ ಬೇಕು. ಎಂಜಿನ್ ತಯಾರಕರು ಕೊಟ್ಟ ಅಳತೆ ಇದ್ದರೆ ಅದೇ ಅಂತಿಮ.

ಅಳೆಯಲು ಪಿಸ್ಟನ್ ತಲೆಯ ಮೇಲೆ ಮೆತ್ತನೆ ಮಾಡೆಲಿಂಗ್ ಕ್ಲೇ ಇಡಿ. ಹೆಡ್ ಕೂರಿಸಿ, ವಾಲ್ವ್ ಟೈಮಿಂಗ್ ಸರಿಯಾಗಿ ಹೊಂದಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ. ಹೆಡ್ ತೆಗೆದು, ಕ್ಲೇ ಅತಿ ತೆಳ್ಳಗಾದ ಜಾಗವನ್ನು ಕತ್ತರಿಸಿ ಅಳೆಯಿರಿ.

ರಾಡ್ ಬೋಲ್ಟ್‌ಗಳನ್ನು ಬಿಗಿಯುವ ಮುಂಚೆ ಪ್ರತಿಯೊಂದರ ಉದ್ದವನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಯಾವ ರಾಡಿನದು ಎಂದು ಸಹಿತ ಬರೆದಿಡಿ. ಮುಂದಿನ ಸಲ ಬಿಚ್ಚಿದಾಗ ಮತ್ತೆ ಅಳೆಯಿರಿ. 0.025 ಮಿ.ಮೀ. ಅಥವಾ ಹೆಚ್ಚು ಉದ್ದವಾಗಿದ್ದರೆ ಆ ಬೋಲ್ಟನ್ನು ಎಸೆಯಿರಿ. ಓವರ್ ರೆವ್ ಆಗಿದೆ ಎಂದು ಇಸಿಯು ತೋರಿಸಿದರೆ, ಎಂಜಿನ್ ಚೆನ್ನಾಗಿಯೇ ಓಡುತ್ತಿದ್ದರೂ, ಮುಂದಿನ ರೇಸಿಗೆ ಮುಂಚೆ ಬಿಚ್ಚಿ ಈ ಅಳತೆ ನೋಡಲೇಬೇಕು.